ಮನೇಲಿ ಕಟ್ಟಿದ ಟ್ಯೂಬ್ ಆಂಪ್ ಗುಂಯ್ ಅಂತಿದೆ, ಎಲ್ಲಿಂದ ಹುಡುಕೋದು?

ಪ್ರಶ್ನೆ: ಎರಡು 12ಎಎಕ್ಸ್7 (ಸಣ್ಣ ಸಿಗ್ನಲ್ ದೊಡ್ಡದು ಮಾಡೋ ಪ್ರೀಆಂಪ್ ಟ್ಯೂಬ್), ಎರಡು ಇಎಲ್84 (ಸ್ಪೀಕರ್ ಓಡಿಸೋ ಪವರ್ ಟ್ಯೂಬ್) ಹಾಕಿ ನಾನೇ ಒಂದು ಗಿಟಾರ್ ಆಂಪ್ ಕಟ್ಟಿದೀನಿ. ಸೌಂಡ್ ಚೆನ್ನಾಗೇ ಬರುತ್ತೆ, ಆದ್ರೆ ಸುಮ್ನೆ ಇಟ್ರೂ ಗುಂಯ್ ಅಂತ ಹಮ್. ಫಿಲ್ಟರ್ ಕೆಪಾಸಿಟರ್ (ಪವರ್ ಸಪ್ಲೈ ಏರಿಳಿತ ನಯ ಮಾಡೋದು) ಬದಲಾಯಿಸ್ದೆ, ಟ್ಯೂಬೂ ಬದಲಾಯಿಸ್ದೆ, ಏನೂ ಪ್ರಯೋಜನ ಆಗ್ಲಿಲ್ಲ. ಇನ್ನೇನು ಬದಲಾಯಿಸ್ಲಿ?

ಉತ್ತರ: ಸದ್ಯಕ್ಕೆ ಏನೂ ಬದಲಾಯಿಸ್ಬೇಡಿ. ಹಮ್ ಎಲ್ಲಿ ಹುಟ್ತಿದೆ ಅಂತ ಗೊತ್ತಾಗೋ ಮುಂಚೆ ಪಾರ್ಟ್ಸ್ ತಂದು ತಂದು ಹಾಕಿದ್ರೆ ದುಡ್ಡೂ ದಂಡ, ಜೊತೆಗೆ ಹೊಸ ಸೋಲ್ಡರಿಂಗ್ ತಪ್ಪುಗಳೂ ಸೇರ್ಕೊಳ್ತವೆ. ಹೊಸದಾಗಿ ಕಟ್ಟಿದ ಆಂಪಲ್ಲಿ ಪಾರ್ಟ್ ಕೆಟ್ಟಿರೋದು ಕಮ್ಮಿ, ಯಾವ ವೈರ್ ಎಲ್ಲಿ ಹೋಗಿ ಸೇರಿದೆ ಅನ್ನೋದ್ರಲ್ಲೇ ಬಹಳ ಸಲ ಎಡವಟ್ಟಾಗಿರುತ್ತೆ.

ಒಳಗೆ ಕೈ ಹಾಕೋ ಮುಂಚೆ ಒಂದು ಮಾತು, ಇದನ್ನ ಎಲ್ರೂ ಹೇಳ್ತಾರೆ, ಓದೋರು ಮಾತ್ರ ಹಾರಿಸ್ಕೊಂಡು ಮುಂದೆ ಹೋಗ್ತಾರೆ. ಪ್ಲಗ್ ಕಿತ್ತ ಮೇಲೂ ಫಿಲ್ಟರ್ ಕೆಪಾಸಿಟರ್ ಒಳಗೆ 300 ವೋಲ್ಟ್ ಮೇಲೆ ಉಳಿದಿರಬಹುದು, ಜೀವ ತೆಗಿಯೋಕೆ ಅಷ್ಟು ಸಾಕು. 10 ಕಿಲೋ ಓಮ್, 5 ವ್ಯಾಟ್ ರೆಸಿಸ್ಟರ್ ಒಂದನ್ನ ಇನ್ಸುಲೇಷನ್ ಇರೋ ಕ್ಲಿಪ್ ವೈರಿಗೆ ಸೇರಿಸಿ, ಕೆಪಾಸಿಟರ್ ಪ್ಲಸ್ಸಿಂದ ಚಾಸಿಗೆ (ಆಂಪಿನ ಲೋಹದ ಪೆಟ್ಟಿಗೆ) ಕೆಲವು ಸೆಕೆಂಡ್ ಹಿಡಿದು, ಆಮೇಲೆ ಮೀಟರಲ್ಲಿ ಸೊನ್ನೆ ಹತ್ರ ಬಂತಾ ನೋಡ್ಕೊಂಡೇ ಮುಟ್ಟಿ. ಸ್ಪೀಕರ್ ಹಾಕ್ದೆ ಆನ್ ಮಾಡ್ಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಹೋಗಿಬಿಡಬಹುದು. ಮತ್ತೆ ಹಮ್ ಕಮ್ಮಿ ಆಗುತ್ತೆ ಅಂತ ಮೇನ್ಸ್ ಅರ್ತ್ ಬಿಚ್ಚೋ ಐಡಿಯಾ ಯಾರಾದ್ರೂ ಕೊಟ್ರೆ ಅವರ ಮಾತು ಕೇಳ್ಬೇಡಿ.

ಈಗ ಹುಡುಕೋಣ. ಗಿಟಾರ್ ಕೇಬಲ್ ಕಿತ್ತುಬಿಡಿ, ಸಿಂಗಲ್ ಕಾಯಿಲ್ ಪಿಕಪ್ ತಾನೇ ಹಮ್ ಹಿಡಿಯುತ್ತೆ, ಅದನ್ನ ಆಂಪ್ ತಲೆಗೆ ಕಟ್ಟೋದು ಬೇಡ. ವಾಲ್ಯೂಮ್ ತಿರುಗಿಸಿ. ಹಮ್ ಜೊತೆಗೇ ಏರಿ ಇಳಿದ್ರೆ ಅದು ವಾಲ್ಯೂಮ್ ಪಾಟ್‌ಗಿಂತ ಮುಂಚೆ ಹುಟ್ತಿದೆ, ಅಂದ್ರೆ ಮೊದಲನೇ ಟ್ಯೂಬ್ ಸುತ್ತಮುತ್ತ. ಏನೂ ಬದಲಾಗ್ಲಿಲ್ವಾ, ಪಾಟ್ ಆದ್ಮೇಲೆ. ಈಗ ಆಫ್ ಮಾಡಿ ತಣ್ಣಗಾದ ಮೇಲೆ ಮೊದಲನೇ 12ಎಎಕ್ಸ್7 ಕಿತ್ತು ಆನ್ ಮಾಡಿ ಕೇಳಿ, ಆಮೇಲೆ ಅದೇ ಥರ ಎರಡನೇದು, ಅಂದ್ರೆ ಫೇಸ್ ಇನ್ವರ್ಟರ್ (ಸಿಗ್ನಲನ್ನ ಒಂದಕ್ಕೊಂದು ಉಲ್ಟಾ ಎರಡು ಮಾಡಿ ಪವರ್ ಟ್ಯೂಬಿಗೆ ಕೊಡೋದು), ಅದನ್ನೂ ಕಿತ್ತು ಕೇಳಿ. ಯಾವುದನ್ನ ಕಿತ್ತಾಗ ಸದ್ದು ನಿಲ್ಲುತ್ತೋ ತೊಂದರೆ ಅಲ್ಲಿ, ಇಲ್ಲಾ ಅದಕ್ಕಿಂತ ಹಿಂದೆ. ಎರಡೂ ಕಿತ್ತರೂ ಹಮ್ ಹಾಗೇ ಇದ್ರೆ ಪವರ್ ಟ್ಯೂಬ್, ಪವರ್ ಸಪ್ಲೈ, ಟ್ರಾನ್ಸ್‌ಫಾರ್ಮರ್ ಇಷ್ಟೇ ಉಳಿದಿದ್ದು. ಟ್ಯೂಬ್ ಕಿತ್ತಾಗ ಲೋಡ್ ಕಮ್ಮಿ ಆಗಿ ಸಪ್ಲೈ ವೋಲ್ಟೇಜ್ ಸ್ವಲ್ಪ ಏರುತ್ತೆ, ಕೆಪಾಸಿಟರ್ ರೇಟಿಂಗ್ ಅದನ್ನ ತಡ್ಕೊಳ್ಳುತ್ತಾ ಅಂತ ಮೊದಲೇ ನೋಡಿ.

ಇನ್ನು ಕಿವಿ ಕೆಲಸ. ಮೇನ್ಸ್ 50 ಹರ್ಟ್ಸ್ ಇರೋ ಕಡೆ ಹಮ್ ಎರಡು ಥರ ಬರುತ್ತೆ. 50 ಹರ್ಟ್ಸ್ ಆದ್ರೆ ದಪ್ಪಗೆ, ಹೊಟ್ಟೆಯೊಳಗೆ ಗುಂಯ್ ಅಂದಂಗೆ. 100 ಹರ್ಟ್ಸ್ ಆದ್ರೆ ಒಂದು ಆಕ್ಟೇವ್ ಮೇಲೆ, ಸ್ವಲ್ಪ ಜರ್ ಅನ್ನೋ ಅಂಚು ಇರುತ್ತೆ. ಮೇನ್ಸ್ 60 ಇದ್ರೆ ಇವೇ 60, 120 ಆಗ್ತವೆ. ಫುಲ್ ವೇವ್ ರೆಕ್ಟಿಫೈಯರ್ ಆದ್ಮೇಲೆ ಉಳಿಯೋ ರಿಪಲ್ (ಡಿಸಿ ಮೇಲಿನ ಏರಿಳಿತ) 100 ಹರ್ಟ್ಸ್, ಹಾಗಾಗಿ ಫಿಲ್ಟರ್ ಕೆಪಾಸಿಟರ್ ಮೇಲೆ ಅನುಮಾನ ಪಡೋದಾದ್ರೆ 100 ಕೇಳಿಸಿದಾಗ ಪಡ್ಬೇಕು. 50 ಅಂದ್ರೆ ಹೀಟರ್ (ಟ್ಯೂಬ್ ಒಳಗೆ ಬಿಸಿ ಮಾಡೋ ತಂತಿ) ವೈರಿಂಗ್, ಇಲ್ಲಾ ಮೇನ್ಸ್ ವೈರ್ ಸಿಗ್ನಲ್ ವೈರ್ ಪಕ್ಕ ಹೋಗಿರೋದು, ಇಲ್ಲಾ ಟ್ರಾನ್ಸ್‌ಫಾರ್ಮರ್ ಕಾಂತಕ್ಷೇತ್ರ. ನೀವು ಕೆಪಾಸಿಟರ್ ಬದಲಾಯಿಸಿಯೂ ಏನೂ ಆಗಿಲ್ಲ ಅಂದಿದ್ದಕ್ಕೆ ನನ್ನ ಮೊದಲ ಅನುಮಾನ ಹೀಟರ್ ಮೇಲೆ.

ಹೀಟರ್‌ಗೆ 6.3 ವೋಲ್ಟ್ ಎಸಿ ಕೊಟ್ಟಿರ್ತೀರಿ. ಆ ವೈಂಡಿಂಗ್‌ಗೆ ಸೆಂಟರ್ ಟ್ಯಾಪ್ (ವೈಂಡಿಂಗ್ ನಡುವಿಂದ ತೆಗೆದ ವೈರ್) ಇದ್ರೆ ಅದು ಗ್ರೌಂಡಿಗೆ ಹೋಗಿದೆಯಾ ನೋಡಿ, ಇಲ್ದಿದ್ರೆ ಎರಡೂ ತುದಿಯಿಂದ ಒಂದೊಂದು 100 ಓಮ್ ರೆಸಿಸ್ಟರ್ ಗ್ರೌಂಡಿಗೆ ಹಾಕ್ಬೇಕು, ಇದನ್ನ ಮರೆತು ಹೀಟರನ್ನ ತೇಲಾಡೋಕೆ ಬಿಟ್ಟಿರೋರು ಎಷ್ಟೋ ಜನ. 12ಎಎಕ್ಸ್7 ಅಲ್ಲಿ 4, 5ನೇ ಪಿನ್ ಒಟ್ಟು ಸೇರಿಸಿ 9ನೇದಕ್ಕೆ ಇನ್ನೊಂದು ವೈರ್. ಎರಡೂ ವೈರ್ ಬಿಗಿಯಾಗಿ ಜಡೆ ಹೆಣೆದಂಗೆ ತಿರುಚಿ ಚಾಸಿ ಮೂಲೆ ಹಿಡ್ಕೊಂಡು ಹೋಗ್ಬೇಕು, ಗ್ರಿಡ್ (ಟ್ಯೂಬಿಗೆ ಸಿಗ್ನಲ್ ಒಳಗೆ ಹೋಗೋ ಜಾಗ) ವೈರ್ ಅಂದ್ರೆ 2 ಮತ್ತು 7ನೇ ಪಿನ್ ವೈರ್ ಇವಕ್ಕೆ ಸಮಾನಾಂತರವಾಗಿ ಓಡ್ಬಾರ್ದು, ದಾಟಲೇಬೇಕಾದ್ರೆ ಅಡ್ಡ ದಾಟ್ಲಿ. ಹೀಟರೇ ಕಾರಣನಾ ಅಂತ ಖಚಿತ ಮಾಡ್ಕೊಳ್ಳೋಕೆ ಟ್ರಾನ್ಸ್‌ಫಾರ್ಮರಿಂದ ಬರೋ ಹೀಟರ್ ವೈರ್ ಎರಡನ್ನೂ ಬಿಚ್ಚಿ ಇನ್ಸುಲೇಟ್ ಮಾಡಿ, 6 ವೋಲ್ಟ್ ಲೆಡ್ ಆಸಿಡ್ ಬ್ಯಾಟರಿಯಿಂದ ಹೀಟರ್ ಓಡಿಸಿ. ಇಎಲ್84 ತಲಾ 760 ಮಿಲಿಆಂಪ್, 12ಎಎಕ್ಸ್7 ತಲಾ 300, ಒಟ್ಟು 2.1 ಆಂಪಿಯರ್ ಚಿಲ್ರೆ, ಟೆಸ್ಟ್ ಮಾಡೋಷ್ಟು ಹೊತ್ತು ಬ್ಯಾಟರಿ ಆರಾಮಾಗಿ ಕೊಡುತ್ತೆ. ಹಮ್ ಮಾಯ ಆಯ್ತಾ? ಸಿಕ್ತು ಕಳ್ಳ.

100 ಹರ್ಟ್ಸ್ ಕೇಳಿಸ್ತಿದ್ರೆ ಗ್ರೌಂಡ್ ಕಡೆ ನೋಡಿ. ಮೊದಲನೇ ಫಿಲ್ಟರ್ ಕೆಪಾಸಿಟರ್ ಮೈನಸ್ಸು, ಮೇನ್ಸ್ ಟ್ರಾನ್ಸ್‌ಫಾರ್ಮರ್ ಹೈ ವೋಲ್ಟೇಜ್ ವೈಂಡಿಂಗ್ ಸೆಂಟರ್ ಟ್ಯಾಪು ಎರಡೂ ನೇರವಾಗಿ ಒಂದಕ್ಕೊಂದು ಸೇರ್ಬೇಕು, ಅಲ್ಲಿಂದ ಒಂದೇ ವೈರ್ ಮುಂದೆ ಹೋಗ್ಬೇಕು. ಚಾರ್ಜಿಂಗ್ ಕರೆಂಟ್ ಆ ಎರಡರ ನಡುವೆ ಜೋರಾಗಿ ಬಡಿಯುತ್ತೆ, ಆ ದಾರೀಲಿ ಪ್ರೀಆಂಪ್ ಗ್ರೌಂಡ್ ಬಂದು ಕೂತ್ರೆ ಬಡಿತ ಸಿಗ್ನಲ್ಲಿಗೆ ಇಳಿಯುತ್ತೆ. ಸಿಕ್ಕ ಸಿಕ್ಕ ಕಡೆ ಚಾಸಿಗೆ ಬೋಲ್ಟ್ ಹಾಕಿ ಗ್ರೌಂಡ್ ಮಾಡಿದ ಆಂಪುಗಳು ಇದಕ್ಕೇ ಗಲಾಟೆ ಮಾಡೋದು.

ಎರಡು ಇಎಲ್84 ಕರೆಂಟ್ ಸಮ ಇಲ್ದೇ ಇದ್ರೂ 100 ಹರ್ಟ್ಸ್ ಬರುತ್ತೆ, ಯಾಕಂದ್ರೆ ಪುಶ್ ಪುಲ್ಲಲ್ಲಿ (ಎರಡು ಟ್ಯೂಬ್ ಒಂದಕ್ಕೊಂದು ಉಲ್ಟಾ ಕೆಲಸ ಮಾಡೋ ಜೋಡಣೆ) ರಿಪಲ್ ಒಂದಕ್ಕೊಂದು ರದ್ದಾಗೋದು ಸಮ ಇದ್ದಾಗ ಮಾತ್ರ. ಆಫ್ ಮಾಡಿ ಕೆಪಾಸಿಟರ್ ಖಾಲಿ ಮಾಡಿದ ಮೇಲೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸೆಂಟರ್ ಟ್ಯಾಪಿಂದ ಒಂದೊಂದು ಇಎಲ್84 ಪ್ಲೇಟಿಗೂ (ಆ ಟ್ರಾನ್ಸ್‌ಫಾರ್ಮರಿಗೆ ಸೇರಿರೋ ಪಿನ್) ಓಮ್ಸ್ ಅಳೆದು ಬರ್ಕೊಳ್ಳಿ, ಮೀಟರ್ ಕ್ಲಿಪ್ ಸಿಗಿಸಿ, ಕೈ ತೆಗೆದು, ಆನ್ ಮಾಡಿ ಅದೇ ಜಾಗದ ಡಿಸಿ ವೋಲ್ಟ್ ನೋಡಿ, ವೋಲ್ಟನ್ನ ಓಮಿಂದ ಭಾಗಿಸಿದ್ರೆ ಕರೆಂಟ್. 150 ಓಮಿಗೆ 5.4 ವೋಲ್ಟ್ ಬಿದ್ರೆ 36 ಮಿಲಿಆಂಪ್. ಇನ್ನೊಂದು ಕಡೆ 165 ಓಮಿಗೆ 5.9 ಬಂದ್ರೂ ಅದೇ 36, ವೋಲ್ಟ್ ಬೇರೆ ಇದೆ ಅಂತ ಗಾಬರಿ ಬೇಡ.

ಎಲ್ಲಾ ಟ್ಯೂಬ್ ಕಿತ್ತರೂ ಸಣ್ಣಗೆ 50 ಹರ್ಟ್ಸ್ ಕೇಳಿಸ್ತಿದ್ರೆ ಮೇನ್ಸ್ ಟ್ರಾನ್ಸ್‌ಫಾರ್ಮರ್ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಒಳಗೆ ಮಾತಾಡ್ತಿದೆ ಅಂತ. ಒಂದನ್ನ 90 ಡಿಗ್ರಿ ತಿರುಗಿಸಿ ಕೂರಿಸಿ, ಆದಷ್ಟು ದೂರ ಮಾಡಿ. ಚಾಸಿಗೆ ತೂತು ಕೊರೆದಾಗಿದೆ ಅಂದ್ರೆ, ಹೊಸ ತೂತು ಕೊರೀಲೇಬೇಕು, ಬೇರೆ ದಾರಿ ಇಲ್ಲ.