ಮದುವೆಯ ಬೆಳಿಗ್ಗೆ ಮುರಿದ ಕಿರೀಟ

ಹಳೆಯ ಒಡವೆ ಹಿಡಿದು ಬರುವವರ ಬಾಯಲ್ಲಿ ನಾನು ಎಷ್ಟೋ ಸಲ ಕೇಳಿದ ಮಾತಿದು: "ಅಜ್ಜಿ ಕಾಲದ್ದು ಸರ್, ಅಸಲಿ ಹರಳು. ಇದಕ್ಕೇನಾಗುತ್ತೆ? ನಾಳಿದ್ದು ಮದುವೆ, ಸ್ವಲ್ಪ ಪಾಲಿಶ್ ಮಾಡಿಕೊಡಿ ಸಾಕು." ಆಗೆಲ್ಲ ನನಗೆ ನೆನಪಾಗುವುದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆ, 1947ರ ನವೆಂಬರ್ 20.

ಮುಂದೆ ಬ್ರಿಟನ್ನಿನ ರಾಣಿಯಾದ ರಾಜಕುಮಾರಿ ಎಲಿಜಬೆತ್ ಅವರ ಮದುವೆ ಅಂದು. ತಲೆಗೆ ಇಟ್ಟುಕೊಳ್ಳಬೇಕಿದ್ದ ವಜ್ರದ ಟಿಯಾರಾ, ಅಂದರೆ ಪುಟ್ಟ ಕಿರೀಟ, ಅವರ ಸ್ವಂತದ್ದಲ್ಲ, ತಾಯಿಯಿಂದ ಎರವಲು ಪಡೆದದ್ದು. ಅದರ ವಜ್ರಗಳ ಕತೆ ಇನ್ನೂ ಹಿಂದಿನದು. 1893ರಲ್ಲಿ ವಿಕ್ಟೋರಿಯಾ ರಾಣಿ ತಮ್ಮ ಮೊಮ್ಮಗ ಜಾರ್ಜ್‌ನ ಕೈಹಿಡಿದ ಮೇರಿಗೆ ಒಂದು ವಜ್ರದ ಹಾರ ಉಡುಗೊರೆ ಕೊಟ್ಟಿದ್ದರು. 1919ರಲ್ಲಿ ರಾಣಿ ಮೇರಿ ಆ ಹಾರವನ್ನು ಬಿಚ್ಚಿಸಿ, ಲಂಡನ್ನಿನ ಆಭರಣ ಸಂಸ್ಥೆ ಗ್ಯಾರಾರ್ಡ್ ಅವರಿಂದ ಟಿಯಾರಾ ಮಾಡಿಸಿಕೊಂಡರು. ಝಾಲರಿಯ ಹಾಗೆ ಸಾಲಾಗಿ ನಿಂತ 47 ವಜ್ರದ ಕಡ್ಡಿಗಳು, ಅವುಗಳ ನಡುವೆ ಸಣ್ಣ ಮೊನೆಗಳು. ಚೌಕಟ್ಟಿನಿಂದ ಬಿಡಿಸಿದರೆ ಕುತ್ತಿಗೆಗೂ ಹಾಕಿಕೊಳ್ಳಬಹುದು. 1936ರಲ್ಲಿ ಅದು ಮೇರಿಯ ಸೊಸೆಯ, ಅಂದರೆ ಎಲಿಜಬೆತ್ ಅವರ ತಾಯಿಯ ಕೈಗೆ ಬಂತು.

ಮದುವೆಯ ಬೆಳಿಗ್ಗೆ ತಲೆಗೆ ಕೂರಿಸುವ ಹೊತ್ತಿಗೆ ಚೌಕಟ್ಟು ಲಟಕ್ಕೆಂದು ಮುರಿಯಿತು. ಅರಮನೆಯಲ್ಲೇ ಕಾದಿದ್ದ ಆಭರಣದ ಕುಶಲಕರ್ಮಿ ಪೊಲೀಸ್ ಬೆಂಗಾವಲಿನಲ್ಲಿ ಕಾರ್ಯಾಗಾರಕ್ಕೆ ಧಾವಿಸಿ, ಸರಿಪಡಿಸಿಕೊಂಡು ಬಂದ. ಆ ದಿನದ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ನಡುವಿನ ಕಡ್ಡಿಯ ಪಕ್ಕದಲ್ಲಿ ಒಂದು ಸಣ್ಣ ಸಂದು ಕಾಣುತ್ತದೆ. ಉಳಿದ ಕಡ್ಡಿಗಳೆಲ್ಲ ಒಂದಕ್ಕೊಂದು ಒತ್ತಿಕೊಂಡಿವೆ, ಅದೊಂದು ಕಡೆ ಮಾತ್ರ ಬಾಯಿ ಬಿಟ್ಟಿದೆ. ನಾನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ಗಡಿಯಾರ ನೋಡುತ್ತ ಬೆಸುಗೆ ಹಾಕಿದ ಆ ಕೈಗಳ ಬಗ್ಗೆ ನನಗೆ ಬಹಳ ಗೌರವ.

ಕೈಯಲ್ಲಿ ಹಿಡಿದು ನೋಡದ ಒಡವೆಗೆ ರೋಗ ಇಂಥದ್ದೇ ಎಂದು ಹೇಳುವುದು ನಮ್ಮ ಕಸುಬಿನಲ್ಲಿ ಸಲ್ಲದು. ಆದರೆ ಒಂದು ಮಾತು ಸ್ಪಷ್ಟ: ಮುರಿದದ್ದು ವಜ್ರವಲ್ಲ, ವಜ್ರವನ್ನು ಹೊತ್ತ ಲೋಹ. ಎಷ್ಟು ಬಿಡಿಸಿ ಹೇಳಿದರೂ ಜನರ ತಲೆಗೆ ಹೋಗದ ವಿಷಯ ಇದೇ.

ಒಂದು ತಂತಿಯನ್ನು ಅತ್ತ ಇತ್ತ ಬಗ್ಗಿಸುತ್ತ ಹೋಗಿ. ಮೊದಲು ಸಲೀಸಾಗಿ ಬಾಗುತ್ತದೆ, ಆಮೇಲೆ ಅದೇ ಜಾಗ ಗಡುಸಾಗುತ್ತದೆ, ಕೊನೆಗೆ ಪಟ್ಟನೆ ತುಂಡಾಗುತ್ತದೆ. ಚಿನ್ನವಾದರೂ ಬೆಳ್ಳಿಯಾದರೂ ಹೀಗೇ. ಹಾರದ ಕೊಂಡಿ, ಬಳೆಯ ಕೀಲು, ಹರಳನ್ನು ಹಿಡಿದಿರುವ ಹಲ್ಲು, ಎಲ್ಲವೂ ಪ್ರತಿ ಸಲ ಹಾಕಿ ತೆಗೆಯುವಾಗ ಕೂದಲೆಳೆಯಷ್ಟು ಬಾಗುತ್ತವೆ, ಸವೆಯುತ್ತವೆ. "ಐವತ್ತು ವರ್ಷ ಪೆಟ್ಟಿಗೆಯಲ್ಲೇ ಇತ್ತಲ್ಲ ಸರ್" ಎನ್ನುತ್ತೀರಿ. ಪೆಟ್ಟಿಗೆಯಲ್ಲಿ ಮಲಗಿದ್ದಕ್ಕೆ ಬಿರುಕು ವಾಸಿಯಾಗುವುದಿಲ್ಲ. ಬಿಟ್ಟ ಜಾಗದಲ್ಲೇ ಹಾಗೇ ಇರುತ್ತದೆ. ಪಾಲಿಶ್ ಮಾಡಿದರಂತೂ ಸವೆದ ಹಲ್ಲು ಇನ್ನಷ್ಟು ಸವೆಯುತ್ತದೆ. ಬೆಸುಗೆಯೂ ಒಂದು ಗಳಿಗೆಯ ಕೆಲಸವಲ್ಲ. ಪಕ್ಕದಲ್ಲಿ ಮುತ್ತೋ ಪಚ್ಚೆಯೋ ಇದ್ದರೆ ಉರಿ ಹತ್ತಿರ ತರುವಂತಿಲ್ಲ, ಮೊದಲು ಕಲ್ಲು ಬಿಚ್ಚಬೇಕು. ಅದಕ್ಕೇ ನಾನು ಕನಿಷ್ಠ ಎರಡು ತಿಂಗಳು ಮೊದಲು ತನ್ನಿ ಎಂದು ಕೇಳಿಕೊಳ್ಳುವುದು.

"ದುರಸ್ತಿ ಮಾಡಿಸಿದರೆ ಹಳೆಯತನ ಹೋಗುತ್ತೆ" ಎಂದು ಅಂಜುವವರೂ ಇದ್ದಾರೆ. ಪುರಾತನ ವಸ್ತುವಾಗಿ ಮಾರುವ ಉದ್ದೇಶವಿದ್ದರೆ ಆ ಅಂಜಿಕೆಯಲ್ಲಿ ಅರ್ಥವಿದೆ, ಮೊದಲು ಬಲ್ಲವರಿಗೆ ತೋರಿಸಿ. ಮೈಮೇಲೆ ಹಾಕಿಕೊಳ್ಳುವುದಾದರೆ ಈ ಟಿಯಾರಾದ ಬದುಕನ್ನೇ ನೋಡಿ: ಹಾರವಾಗಿತ್ತು, ಕಿರೀಟವಾಯಿತು, ಮುರಿಯಿತು, ಮತ್ತೆ ಕೂಡಿತು. 1973ರ ನವೆಂಬರ್‌ನಲ್ಲಿ ಎಲಿಜಬೆತ್ ಅವರ ಮಗಳು ಆ್ಯನ್ ತಮ್ಮ ಮದುವೆಗೆ ತೊಟ್ಟರು. 2020ರ ಜುಲೈನಲ್ಲಿ ಎಲಿಜಬೆತ್ ರಾಣಿಯವರ ಮೊಮ್ಮಗಳು ಬೀಟ್ರಿಸ್, ವಿಂಡ್ಸರ್‌ನ ಪುಟ್ಟ ಪ್ರಾರ್ಥನಾ ಮಂದಿರದಲ್ಲಿ ಕೆಲವೇ ಜನರ ಮುಂದೆ, ಅದನ್ನೇ ತೊಟ್ಟು ಮದುವೆಯಾದರು.

ಒಮ್ಮೆ ಒಬ್ಬ ತಾಯಿ ಮಗಳ ಮದುವೆಯ ಹಿಂದಿನ ಸಂಜೆ ತಮ್ಮ ಅಜ್ಜಿಯ ಕಲ್ಲಿನ ಹಾರ ತಂದರು. ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ಅಲ್ಲಾಡಿಸಿದೆ. ಟಿಕ್, ಟಿಕ್. ಗೂಡಿನಲ್ಲಿ ಕಲ್ಲು ಆಡುವ ಸದ್ದು. ರೇಷ್ಮೆ ದಾರ ಎಳೆದರೆ ಮೂರು ಕಡೆ ಹಲ್ಲಿಗೆ ಸಿಕ್ಕಿಕೊಂಡಿತು. "ಅಮ್ಮಾ, ನಾಳೆ ಇದು ಬೇಡ" ಎಂದೆ. ಅವರ ಕಣ್ಣು ತುಂಬಿತು. ಮಾತಿಲ್ಲದೆ ಹಾರವನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಹೋದರು. ರಾತ್ರಿಯಿಡೀ ನನಗೆ ನಿದ್ದೆ ಹತ್ತಲಿಲ್ಲ.

ಒಂದು ತಿಂಗಳ ನಂತರ ತಾಯಿ ಮಗಳು ಇಬ್ಬರೂ ಬಂದರು. ಹನ್ನೊಂದು ಹಲ್ಲು ಹೊಸದಾಗಿ ಕಟ್ಟಿ, ಕೊಂಡಿ ಬದಲಾಯಿಸಿ ಕೊಟ್ಟೆ. ಹಳೆಯ ಕೊಂಡಿಯನ್ನು ಪೊಟ್ಟಣ ಕಟ್ಟಿ ಅವರ ಕೈಗೇ ಇಟ್ಟೆ. ಈಗ ಆ ಹುಡುಗಿ ವರ್ಷಕ್ಕೊಮ್ಮೆ ಹಾರ ತರುತ್ತಾಳೆ. ನನ್ನ ಕೈಗೆ ಕೊಡುವ ಮೊದಲು ತಾನೇ ಕಿವಿಯ ಹತ್ತಿರ ಹಿಡಿದು, ಅಲ್ಲಾಡಿಸಿ ಕೇಳುತ್ತಾಳೆ.