ಅಡ್ಮಿಷನ್ ರಿಜಿಸ್ಟರ್ ಸಾಲದು, ಹಾಲ್ ಟಿಕೆಟ್ ಪಟ್ಟಿ ತನ್ನಿ

ಪ್ರಾಂಶುಪಾಲರು ಸಭೆಗೆ ಬಂದು ಕೂತ ತಕ್ಷಣ ಫೈಲ್ ತೆಗೆಯುತ್ತಾರೆ. "ಸರ್, ನಮ್ಮಲ್ಲಿ ಹುಡುಗಿಯರೇ ಜಾಸ್ತಿರಿ. ಎಸ್‌ಸಿ, ಎಸ್‌ಟಿ ಸೀಟು ಒಂದೂ ಖಾಲಿ ಇಲ್ರಿ." ತೋರಿಸುವುದು ಅಡ್ಮಿಷನ್ ರಿಜಿಸ್ಟರ್. ವಿಶ್ವವಿದ್ಯಾಲಯದಲ್ಲಿ ಯೋಜನೆ, ಸಮಾನ ಅವಕಾಶದ ಕೆಲಸ ನೋಡಿಕೊಂಡ ಇಷ್ಟು ವರ್ಷಗಳಲ್ಲಿ ಈ ಫೈಲ್ ನೋಡಿ ನೋಡಿ ಸಾಕಾಗಿದೆ. ನಾನು ಕೇಳುವುದು ಒಂದೇ. ಇವರಲ್ಲಿ ಆರನೇ ಸೆಮಿಸ್ಟರ್ ಪರೀಕ್ಷೆಗೆ ಕೂತವರು ಎಷ್ಟು ಜನ? ಉತ್ತರ ಬರುವುದಿಲ್ಲ.

ಬಿಡಿಸಿ ಹೇಳುತ್ತೇನೆ. ಬಿ.ಎ.ಗೆ 100 ಮಕ್ಕಳು ಸೇರಿದರು ಅಂದುಕೊಳ್ಳಿ. ಅದರಲ್ಲಿ 40 ಜನ ಹಳ್ಳಿಯಿಂದ ಬಸ್ಸಲ್ಲಿ ಬರುವವರು. ಎರಡನೇ ವರ್ಷಕ್ಕೆ ಆ 40 ಜನ 28 ಆದರು, ಮೂರನೇ ವರ್ಷಕ್ಕೆ 19. ಅಷ್ಟರಲ್ಲಿ ಮೊದಲ ವರ್ಷಕ್ಕೆ ಹೊಸ 40 ಜನ ಬಂದಿರುತ್ತಾರೆ. ಪ್ರವೇಶದ ವರದಿಯಲ್ಲಿ ಪ್ರತಿ ವರ್ಷ 40 ಅಂತಲೇ ಇರುತ್ತದೆ. ತಳ ಸೋರುವ ಕೊಡವನ್ನು ನಲ್ಲಿ ಕೆಳಗೆ ಇಟ್ಟು, ತುಂಬಿದೆ ನೋಡಿ ಅಂದ ಹಾಗಾಯಿತು, ಅಲ್ವಾ? ದೇಶದ 2021-22ರ ಉನ್ನತ ಶಿಕ್ಷಣ ಸಮೀಕ್ಷೆಯಲ್ಲಿ ಬಂದ ಶೇ. 28.4 ಕೂಡ, 18ರಿಂದ 23 ವಯಸ್ಸಿನವರ ಸಂಖ್ಯೆಗೆ ಹೋಲಿಸಿದರೆ ಕಾಲೇಜಿಗೆ ಹೆಸರು ಹಚ್ಚಿದವರು ಎಷ್ಟು ಅನ್ನುವ ಲೆಕ್ಕ, ಓದು ಮುಗಿಸಿದವರದಲ್ಲ. ಅದಕ್ಕೇ ಒಂದೇ ಬ್ಯಾಚ್ ಹಿಡಿಯಿರಿ. 2022ರಲ್ಲಿ ಸೇರಿದವರ ಪಟ್ಟಿ, 2025ರ ಹಾಲ್ ಟಿಕೆಟ್ ಪಟ್ಟಿ. ಎರಡನ್ನೂ ಪಕ್ಕಪಕ್ಕ ಇಟ್ಟು ಒಂದೊಂದು ಹೆಸರೂ ತಾಳೆ ನೋಡಿ.

ಟಿ.ಸಿ. ತಗೊಂಡು ಬೇರೆ ಕಾಲೇಜಿಗೆ ಹೋದವರನ್ನು ಓದು ಬಿಟ್ಟವರ ಲೆಕ್ಕಕ್ಕೆ ಸೇರಿಸಬೇಡಿ. ಒಂದೇ ವರ್ಷ ನೋಡಿ ತೀರ್ಮಾನಕ್ಕೂ ಬರಬೇಡಿ. ಸಣ್ಣ ಕಾಲೇಜಲ್ಲಿ ನಾಲ್ಕು ಜನ ಹೆಚ್ಚುಕಡಿಮೆ ಆದರೂ ಲೆಕ್ಕ ತಲೆಕೆಳಗಾಗುತ್ತದೆ.

2003ರಲ್ಲಿ ವಿಜಯಪುರಕ್ಕೆ ಮಹಿಳಾ ವಿಶ್ವವಿದ್ಯಾಲಯ ಬಂತು. 2010ರಲ್ಲಿ ಬೆಳಗಾವಿಗೆ ರಾಣಿ ಚನ್ನಮ್ಮ ವಿಶ್ವವಿದ್ಯಾಲಯ, 2023ರಲ್ಲಿ ಜಮಖಂಡಿಗೆ ಬಾಗಲಕೋಟೆ ವಿಶ್ವವಿದ್ಯಾಲಯ. ಎಲ್ಲದಕ್ಕೂ ಧಾರವಾಡ ಅನ್ನುವ ಕಾಲ ಹೋಯಿತು. ದೊಡ್ಡ ಸಂಗತಿಯೇ. ಆದರೆ ಮಕ್ಕಳು ಓದು ಬಿಡುವ ಕಾರಣಗಳು ಬಹಳ ಸಣ್ಣವು.

ಇಂಡಿ ಕಡೆಯ ಒಬ್ಬ ಹುಡುಗಿ. ಬಿ.ಎಸ್ಸಿ. ಒಳ್ಳೆ ಅಂಕ. ಮೂರನೇ ಸೆಮಿಸ್ಟರ್‌ನಲ್ಲಿ ಹಾಜರಾತಿ ಕಡಿಮೆ ಅಂತ ಅವಳ ಹೆಸರು ನನ್ನ ಟೇಬಲ್‌ಗೆ ಬಂತು. ಕರೆಸಿ ಕೇಳಿದೆ, "ಯಾಕವ್ವಾ, ಲ್ಯಾಬ್ ತಪ್ಪಿಸ್ತೀಯಂತೆ?" ಚೂಡಿದಾರದ ವೇಲಿನ ತುದಿ ಬೆರಳಿಗೆ ಸುತ್ತುತ್ತಾ ಅಂದಳು, "ಲ್ಯಾಬ್ ಐದಕ್ಕ ಬಿಡ್ತಾರ್ರಿ ಸರ್. ನಮ್ಮೂರ ಬಸ್ಸು ನಾಕೂವರೆಗೇ ಹೊಕ್ಕೈತ್ರಿ. ಅದರ ಹಿಂದ ಮತ್ತ ಬಸ್ಸಿಲ್ರಿ." 2023ರ ಜೂನ್‌ನಿಂದ ಹೆಣ್ಣುಮಕ್ಕಳಿಗೆ ಟಿಕೆಟ್ ಉಚಿತ. ಬಸ್ಸೇ ಇಲ್ಲದ ಹೊತ್ತಲ್ಲಿ ಅದನ್ನಿಟ್ಟುಕೊಂಡು ಅವಳು ಏನು ಮಾಡಬೇಕು? ಆ ಕಾಲೇಜಿನಲ್ಲಿ ಸಮಾನ ಅವಕಾಶದ ಸಮಿತಿ ಇತ್ತು, ಸಭೆಯ ನಡಾವಳಿ ಇತ್ತು. ಬಸ್ಸಿನ ಟೈಮ್ ಮಾತ್ರ ಒಬ್ಬರೂ ಕೇಳಿರಲಿಲ್ಲ. ಲ್ಯಾಬನ್ನು ಬೆಳಿಗ್ಗೆಗೆ ಹಾಕಿಸಲು ನನಗೆ ಎರಡು ಪತ್ರ, ಒಂದು ಜಗಳ ಬೇಕಾಯಿತು. ಅಷ್ಟೊತ್ತಿಗೆ ಅವಳು ಓದು ಬಿಟ್ಟು ಹೋಗಿದ್ದಳು. ಇದು ಇವತ್ತಿಗೂ ನನಗೆ ಸಂಕಟ.

ಇನ್ನು ಕಬ್ಬಿನ ಹಂಗಾಮು. ಅಪ್ಪ, ಅವ್ವ ಗ್ಯಾಂಗಿನ ಜೊತೆ ಕಬ್ಬು ಕಡಿಯಲು ಹೋದರೆ ತಮ್ಮ, ತಂಗಿಯರನ್ನು ನೋಡಿಕೊಳ್ಳುವುದು ಕಾಲೇಜಿಗೆ ಹೋಗುವ ಅಕ್ಕನೇ. ಪರೀಕ್ಷಾ ಶುಲ್ಕದ ಕೊನೆ ದಿನ ಅದೇ ಹೊತ್ತಿಗೆ ಬರುತ್ತದೆ. ದಂಡ ಹಾಕುವ ಮೊದಲು ಕ್ಲರ್ಕ್ ಒಂದು ಫೋನ್ ಮಾಡಿದರೆ ಎಷ್ಟೋ ಮಕ್ಕಳು ಉಳಿಯುತ್ತಾರೆ.

ಮುಂದಿನ ಸಭೆಗೆ ಎರಡೂ ಪಟ್ಟಿ ತನ್ನಿ. ಬಿಟ್ಟುಹೋದವರ ಹೆಸರಿನ ಮುಂದೆ ಅವರ ಊರು, ಕೊನೆಯ ಬಸ್ಸಿನ ಟೈಮ್ ಬರೆದಿರಲಿ.