ಪದ ಪರಿಚಯ: ಟಿನ್ ಬಾಕ್ಸ್

ಅಮೆರಿಕದ ರಾಜಕೀಯದ ಮಾತಿನಲ್ಲಿ ‘ಟಿನ್ ಬಾಕ್ಸ್’ ಅಂದರೆ ಬರೀ ತಗಡಿನ ಪೆಟ್ಟಿಗೆಯಲ್ಲ. ಸಂಬಳಕ್ಕೂ ಗಂಟಿಗೂ ತಾಳೆಯಾಗದ ಅಧಿಕಾರಿ ಹೇಳುವ ಸಬೂಬಿಗೆ ಆ ಹೆಸರು.

ಪದ ಹುಟ್ಟಿದ್ದು 1931ರಲ್ಲಿ, ನ್ಯೂಯಾರ್ಕ್ ನಗರಾಡಳಿತದ ಭ್ರಷ್ಟಾಚಾರದ ತನಿಖೆಯಲ್ಲಿ, ನ್ಯೂಯಾರ್ಕ್ ಕೌಂಟಿಯ ಶೆರಿಫ್ (ಕೋರ್ಟಿನ ಆದೇಶ ಜಾರಿ ಮಾಡುವ ಅಧಿಕಾರಿ) ಥಾಮಸ್ ಫಾರ್ಲಿಯ ಬಾಯಲ್ಲಿ. ಆರು ವರ್ಷಕ್ಕೂ ತುಸು ಹೆಚ್ಚಿನ ಅವಧಿಯಲ್ಲಿ ಆತ ಬ್ಯಾಂಕಿಗೆ ಕಟ್ಟಿದ್ದು ಮೂರೂವರೆ ಲಕ್ಷ ಡಾಲರಿಗೂ ಹೆಚ್ಚು. ಅಷ್ಟೂ ವರ್ಷಗಳ ಸಂಬಳ ಕೂಡಿದರೆ ಒಂದು ಲಕ್ಷವೂ ಆಗುತ್ತಿರಲಿಲ್ಲ. ಮಿಕ್ಕದ್ದು ಎಲ್ಲಿಂದ ಬಂತು ಎಂದರೆ ತಗಡಿನ ಪೆಟ್ಟಿಗೆಯಿಂದ ಎಂದ. ಮುಂದಿನ ವರ್ಷದ ಜಮೆ ಓದಿದರೆ ಅದಕ್ಕೂ ಪೆಟ್ಟಿಗೆಯೇ. ಅದೇನು ಮಾಯಾಪೆಟ್ಟಿಗೆಯೇ ಎಂದು ಕೆಣಕಿದಾಗ, ಅದ್ಭುತವಾದ ಪೆಟ್ಟಿಗೆ ಎಂದು ಒಪ್ಪಿಕೊಂಡ. ಅಲ್ಲಿಂದಾಚೆ ಇಂಥ ಉತ್ತರ ಕೊಟ್ಟವರೆಲ್ಲ ‘ಟಿನ್ ಬಾಕ್ಸ್ ಬ್ರಿಗೇಡ್’ ಆದರು.

ಕೆಣಕಿದವರು ಸ್ಯಾಮ್ಯುಯೆಲ್ ಸೀಬರಿ (1873–1958). ಎಲ್ಲರೂ ‘ಜಡ್ಜ್ ಸೀಬರಿ’ ಎನ್ನುತ್ತಿದ್ದರೂ ಆಗ ಅವರು ಜಡ್ಜ್ ಆಗಿರಲಿಲ್ಲ. ರಾಜ್ಯದ ಅತ್ಯುನ್ನತ ನ್ಯಾಯಪೀಠವಾದ ಕೋರ್ಟ್ ಆಫ್ ಅಪೀಲ್ಸ್ ಬಿಟ್ಟು 1916ರಲ್ಲಿ ಗವರ್ನರ್ ಚುನಾವಣೆಗೆ ನಿಂತು ಸೋತು, ವಕೀಲಿಗೆ ಮರಳಿದ್ದರು. ‘ಸೀಬರಿ ತನಿಖೆ’ ಎಂದು ಏಕವಚನದಲ್ಲಿ ಹೇಳುವುದೂ ರೂಢಿಯ ತಪ್ಪೇ. ನಡೆದದ್ದು ಮೂರು. 1930ರಲ್ಲಿ ಮ್ಯಾಜಿಸ್ಟ್ರೇಟ್ ಕೋರ್ಟುಗಳದ್ದು, 1931ರಲ್ಲಿ ಮ್ಯಾನ್‌ಹಟನ್ನಿನ ಡಿಸ್ಟ್ರಿಕ್ಟ್ ಅಟಾರ್ನಿ (ಸರ್ಕಾರದ ಪರ ಕೇಸು ನಡೆಸುವ ವಕೀಲ) ಥಾಮಸ್ ಕ್ರೇನ್ ಮೇಲಿನದು, ಆಮೇಲೆ ಇಡೀ ನಗರಾಡಳಿತದ್ದು. ಈ ಕೊನೆಯದರಲ್ಲಿ ಅವರು ಶಾಸಕಾಂಗದ ಹಾಫ್‌ಸ್ಟಾಡ್ಟರ್ ಸಮಿತಿಯ ವಕೀಲರಷ್ಟೆ. ಶಿಕ್ಷೆ ಕೊಡಲು, ಕೆಲಸದಿಂದ ತೆಗೆಯಲು ಅವರ ಕೈಯಲ್ಲಿ ಏನೂ ಇರಲಿಲ್ಲ.

ಲಂಚ ಕೊಟ್ಟವನು ಬಾಯಿ ಬಿಡುವುದಿಲ್ಲ, ತಿಂದವನಂತೂ ಬಿಡುವುದೇ ಇಲ್ಲ. ಹಾಗಾಗಿ ಸೀಬರಿ ಲೆಕ್ಕದ ಪುಸ್ತಕ ಹಿಡಿದರು. ಮೊದಲು ಸಮನ್ಸ್ ಹೊರಡಿಸಿ ಬ್ಯಾಂಕು, ಷೇರು ದಲ್ಲಾಳಿಗಳ ಖಾತೆ ತರಿಸುವುದು. ಒಂದು ಕಡೆ ವರ್ಷವಾರು ಜಮೆ, ಇನ್ನೊಂದು ಕಡೆ ಅದೇ ವರ್ಷದ ಸಂಬಳ. ಅದಾದ ಮೇಲೆ ಬಾಗಿಲು ಹಾಕಿಕೊಂಡು ಪ್ರಮಾಣದ ಮೇಲೆ ಹೇಳಿಕೆ ಪಡೆಯುವುದು, ಕೊನೆಗೆ ಬಹಿರಂಗ ವಿಚಾರಣೆ. ಒಳಗೆ ಹೇಳಿದ್ದನ್ನು ಹೊರಗೆ ತಿರುಚಿದರೆ ಸುಳ್ಳುಸಾಕ್ಷಿಯ ಕೇಸು ಬೀಳುವ ಭಯ. ಸಾಕ್ಷಿ ಕಟ್ಟಿಬಿದ್ದದ್ದು ಆ ಮುಚ್ಚಿದ ಕೋಣೆಯಲ್ಲೇ.

ನಗದಿಗೆ ಹೆಜ್ಜೆಗುರುತಿಲ್ಲ, ಪೆಟ್ಟಿಗೆ ಇರಲೇ ಇಲ್ಲ ಎಂದು ಯಾರೂ ಸಾಧಿಸಲಾರರು. ಸಬೂಬಿನ ಜಾಣತನ ಇರುವುದು ಇಲ್ಲೇ. ಅದು ಮುರಿಯುವುದು ಮತ್ತೊಂದು ಪ್ರಶ್ನೆಗೆ: ಸರಿ, ಪೆಟ್ಟಿಗೆಗೆ ಹಾಕಿದ್ದು ಎಲ್ಲಿಂದ? 1932ರ ಫೆಬ್ರವರಿಯಲ್ಲಿ ಗವರ್ನರ್ ಫ್ರಾಂಕ್ಲಿನ್ ರೂಸ್‌ವೆಲ್ಟ್ ಫಾರ್ಲಿಯನ್ನು ವಜಾ ಮಾಡಿದ್ದು ಆ ಪ್ರಶ್ನೆಯ ಮೇಲೆಯೇ. ಸಂಬಳ ಮೀರಿ ಹಣ ಕಂಡರೆ ಮೂಲ ತೋರಿಸಬೇಕಾದವನು ಅಧಿಕಾರಿ, ಎಂಬುದು ಅವರ ನಿಲುವು. ನೆನಪಿರಲಿ, ಇದು ಹುದ್ದೆಯಿಂದ ಇಳಿಸುವ ಮಾನದಂಡ, ಜೈಲಿಗೆ ಕಳಿಸುವುದಲ್ಲ.

ಎಲ್ಲವೂ ಸಲೀಸಾಗಿ ನಡೆಯಲಿಲ್ಲ. ಕಟ್ಟಡ ನಿಯಮಗಳ ಮೇಲ್ಮನವಿ ಮಂಡಳಿಯ ಮುಂದೆ ವಾದಿಸಿ ದುಡ್ಡು ಗುಡ್ಡೆ ಹಾಕಿದ್ದ ವಿಲಿಯಂ ಡಾಯ್ಲ್, ಮೂಲತಃ ಕುದುರೆ ಡಾಕ್ಟರು, ಫೀಸಿನಲ್ಲಿ ಯಾರಿಗೆ ಪಾಲು ಹೋಯಿತೆಂದು ಹೇಳಲೊಪ್ಪಲಿಲ್ಲ. ಹೇಳಿದ್ದಕ್ಕಾಗಿ ಕೇಸು ಬೀಳದಂತೆ ಸಾಕ್ಷಿಗೆ ಪೂರ್ತಿ ರಕ್ಷಣೆ ಕೊಡುವ ಅಧಿಕಾರ ಸಮಿತಿಗಿಲ್ಲ ಎಂದು ಕೋರ್ಟಿನಲ್ಲಿ ತೀರ್ಮಾನವಾಯಿತು. ಆ ಅಧಿಕಾರ ಕೊಡಲೆಂದೇ 1931ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ವಿಶೇಷ ಅಧಿವೇಶನ ಕರೆಯಬೇಕಾಯಿತು. ಮೇಯರ್ ಜಿಮ್ಮಿ ವಾಕರ್‌ನ ಹಣಕಾಸು ನೋಡುತ್ತಿದ್ದ ರಸೆಲ್ ಶೆರ್‌ವುಡ್ ಮೆಕ್ಸಿಕೊ ಸೇರಿಕೊಂಡ. ವಾಕರ್ ಮಾತ್ರ 1932ರ ಮೇ ತಿಂಗಳಲ್ಲಿ ಸಾಕ್ಷಿಕಟ್ಟೆ ಹತ್ತಲೇಬೇಕಾಯಿತು. ಪತ್ರಿಕಾ ಮಾಲೀಕ ಪಾಲ್ ಬ್ಲಾಕ್ ಜೊತೆಗಿನ ಜಂಟಿ ಷೇರು ಖಾತೆಯಲ್ಲಿ, ತಾನು ಬಿಡಿಗಾಸೂ ಹಾಕದೆ ಪಡೆದದ್ದು ಸುಮಾರು 2,46,000 ಡಾಲರ್ ಎಂಬುದು ಹೊರಬಿತ್ತು. ಗವರ್ನರ್ ಮುಂದೆ ವಿಚಾರಣೆ ಮುಗಿಯುವ ಮೊದಲೇ, ಸೆಪ್ಟೆಂಬರ್ 1ರಂದು ಆತ ರಾಜೀನಾಮೆ ಎಸೆದ. ಹೀಗಾಗಿ ಶೆರಿಫ್‌ನನ್ನು ಇಳಿಸಿದ ಮಾನದಂಡ ಮೇಯರ್‌ಗೆ ಅನ್ವಯವಾಗುವುದೇ ಎಂಬ ತೀರ್ಪು ಬರಲೇ ಇಲ್ಲ.